ಹಿಂದಿರುಗಬಾರದ ನೀರು

ಹಳೆಯ ಕಮ್ಮಾರಸಾಲೆಯ ತಿದಿಯನ್ನು ಹತ್ತಿರದಿಂದ ಕಂಡವರಿಗೆ ಅದರ ಹೊಟ್ಟೆಯಲ್ಲಿ ಅಡಗಿದ್ದ ಚರ್ಮದ ತುಂಡೊಂದು ನೆನಪಿರಬಹುದು. ತಿದಿ ಹಿಗ್ಗಿದಾಗ ಆ ತುಂಡು ಬಾಗಿಲಿನಂತೆ ಒಳಕ್ಕೆ ತೆರೆದು ಗಾಳಿಯನ್ನು ಬಿಟ್ಟುಕೊಳ್ಳುತ್ತದೆ. ತಿದಿಯನ್ನು ಒತ್ತಿದೊಡನೆ ಅದೇ ಗಾಳಿಯ ಒತ್ತಡಕ್ಕೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಂದ ದಾರಿ ಮುಚ್ಚಿದ ಮೇಲೆ ಗಾಳಿಗೆ ಉಳಿಯುವುದು ಕುಲುಮೆಯ ದಾರಿಯೊಂದೇ. ಸೈಕಲ್ ಟ್ಯೂಬಿನ ವಾಲ್ವಿನಲ್ಲಿ, ಬೋರ್‌ವೆಲ್ ಕೈಪಂಪಿನ ಕೊಳವೆಯೊಳಗೆ, ಮನುಷ್ಯನ ಹೃದಯದ ನಾಲ್ಕು ಕವಾಟಗಳಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ: ಒಂದು ಕಡೆಗೆ ಹೋಗಲು ಬಿಡು, ಮರಳಿ ಬರಲು ಬಿಡಬೇಡ.

ಕುಡಿಯುವ ನೀರಿನ ಕೊಳವೆಗೂ ಇಂಥದೊಂದು ಬಾಗಿಲು ಬೇಕು ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ನಲ್ಲಿಯಿಂದ ನೀರು ಬರುತ್ತದೆಯೇ ಹೊರತು ನಲ್ಲಿಯೊಳಕ್ಕೆ ನೀರು ಹೋಗುವುದುಂಟೆ? ಉಂಟು. ಕೊಳವೆಗೆ ದಿಕ್ಕು ಗೊತ್ತಿಲ್ಲ. ಎಲ್ಲಿ ಒತ್ತಡ ಹೆಚ್ಚೋ ಅಲ್ಲಿಂದ ಎಲ್ಲಿ ಕಡಿಮೆಯೋ ಅಲ್ಲಿಗೆ ನೀರು ಹರಿಯುತ್ತದೆ. ಬೀದಿಯ ಕೊಳವೆಯಲ್ಲಿ ಒತ್ತಡ ಕುಸಿದ ಗಳಿಗೆಯಲ್ಲಿ ಮನೆಯ ಬಕೆಟ್ಟಿನ ನೀರು, ತೋಟದ ಡ್ರಮ್ಮಿನ ನೀರು, ನಲ್ಲಿಯ ಬುಡದ ಕೆಸರುಗುಂಡಿಯ ನೀರು ಬೀದಿಗೆ ಹೊರಡಬಹುದು. ಎಂಜಿನಿಯರುಗಳು ಇದನ್ನು ಹಿಮ್ಮುಖ ಹರಿವು ಎನ್ನುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ನೀರಿನ ಚರಿತ್ರೆಯನ್ನು ಈ ಒಂದು ಪ್ರಶ್ನೆ ಹಿಡಿದು ನೋಡಿದರೆ, ಅಪಾಯ ಯಾವಾಗ ಹುಟ್ಟಿತು, ಅದಕ್ಕೆ ತಡೆ ಯಾವುದು ಎಂಬುದು ತಿಳಿಯುತ್ತದೆ.

ಈ ಸೀಮೆ ಕೆರೆಗಳ ಸೀಮೆ. ನಂದಿಬೆಟ್ಟದ ಕಡೆಯಿಂದ ಅರ್ಕಾವತಿ ದೊಡ್ಡಬಳ್ಳಾಪುರದ ಮೂಲಕ ಇಳಿಯುತ್ತದೆ. ಶಿವಗಂಗೆಯ ಕಡೆಯಿಂದ ಕುಮುದ್ವತಿ ನೆಲಮಂಗಲ ತಾಲ್ಲೂಕನ್ನು ಹಾದು ಅದನ್ನು ಸೇರುತ್ತದೆ. ದೇವನಹಳ್ಳಿ, ಹೊಸಕೋಟೆಗಳ ಕಡೆಯ ನೀರು ದಕ್ಷಿಣ ಪಿನಾಕಿನಿಯದು. ಈ ಯಾವ ಹೊಳೆಯೂ ವರ್ಷವಿಡೀ ಹರಿಯುವಂಥದಲ್ಲ. ಹೀಗಾಗಿ ಹಿಂದಿನವರು ಹಳ್ಳಕ್ಕೆ ಹಳ್ಳ, ತಗ್ಗಿಗೆ ತಗ್ಗು ಏರಿ ಕಟ್ಟಿ ಕೆರೆಗಳ ಸರಪಳಿ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತಿದರೆ ಗದ್ದೆಗೆ ನೀರು. ಈ ವ್ಯವಸ್ಥೆಯಲ್ಲಿ ನೀರು ಬೀಳುತ್ತದೆ, ಏರುವುದಿಲ್ಲ. ಕೋಡಿಯಿಂದ ಧುಮುಕಿದ ನೀರಿಗೆ ಮೇಲಿನ ಕೆರೆಗೆ ಮರಳುವ ದಾರಿಯೇ ಇಲ್ಲ. ತೂಬನ್ನು ಕಾಯುತ್ತಿದ್ದ ನೀರುಗಂಟಿಗೆ ಯಾರಿಗೆ ಎಷ್ಟು ಹೊತ್ತು ನೀರು ಎಂಬ ಜಗಳ ಬಿಡಿಸುವ ಕಷ್ಟವಿತ್ತೇ ವಿನಾ, ಗದ್ದೆಯ ನೀರು ತಿರುಗಿ ಕೆರೆಗೆ ಬಂದೀತೆಂಬ ಭಯವಿರಲಿಲ್ಲ.

ಬಾವಿಯ ಮಾತೂ ಹಾಗೆಯೇ. ಎತ್ತು ಕಟ್ಟಿ ಎಳೆಯುತ್ತಿದ್ದ ಕಪಿಲೆಯಲ್ಲಿ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿದು ಬರಿದಾಗಿ ಕೆಳಗಿಳಿಯುತ್ತಿತ್ತು. ಬಾವಿಯ ನೀರಿಗೂ ತೊಟ್ಟಿಯ ನೀರಿಗೂ ನಡುವೆ ಬರೀ ಗಾಳಿ. ಹಳಬರ ನೀರೆಲ್ಲ ಶುದ್ಧವಾಗಿತ್ತೆಂದು ಇದರರ್ಥವಲ್ಲ. ಕೆರೆಯಲ್ಲೇ ದನ ತೊಳೆದು, ಬಟ್ಟೆ ಒಗೆದು, ಅದನ್ನೇ ಕುಡಿದು ಕಾಲರಾಕ್ಕೆ ತುತ್ತಾದ ಊರುಗಳಿಗೆ ಲೆಕ್ಕವಿಲ್ಲ. ಕೊಳೆ ಮೂಲದಲ್ಲೇ ಸೇರುತ್ತಿತ್ತು. ಮನೆಯ ಕಡೆಯಿಂದ ಹಿಂದಕ್ಕೆ ಹರಿದು ಸೇರುತ್ತಿರಲಿಲ್ಲ, ಅಷ್ಟೆ.

ಕೊಳವೆ ಬಂದದ್ದು 1890ರ ದಶಕದಲ್ಲಿ. 1875ರಿಂದ 77ರವರೆಗಿನ ಮಹಾಕ್ಷಾಮದ ಪೆಟ್ಟು ತಿಂದಿದ್ದ ಬೆಂಗಳೂರಿಗೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಸಾಲದಾದಾಗ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಮಾಡಿ ನಗರಕ್ಕೆ ನೀರು ತರುವ ಯೋಜನೆ 1894ರಲ್ಲಿ ರೂಪುಗೊಂಡಿತು. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡ ಮಹಾರಾಜರ ಹೆಸರಿನಲ್ಲಿ ಅದು ಚಾಮರಾಜೇಂದ್ರ ವಾಟರ್ ವರ್ಕ್ಸ್ ಆಯಿತು. ಹೆಸರಘಟ್ಟದಿಂದ ಇಟ್ಟಿಗೆಯ ಕಾಲುವೆಯಲ್ಲಿ ತರಬನಹಳ್ಳಿಯ ಕಡೆಗೆ ನೀರು ತನ್ನ ಪಾಡಿಗೆ ತಾನು ಇಳಿದು ಬರುತ್ತಿತ್ತು. ಆ ಕಾಲುವೆಯ ಕಮಾನುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಅಲ್ಲಿಯವರೆಗಿನದು ಕೆರೆಯ ಕಾಲದ ನೀರು ಎನ್ನಬಹುದು. ಸೋಲದೇವನಹಳ್ಳಿಯ ಪಂಪುಮನೆಯಲ್ಲಿ ಉಗಿಯಂತ್ರಗಳು ಅದನ್ನು ಕೊಳವೆಗೆ ತಳ್ಳಿ ಮಲ್ಲೇಶ್ವರದ ಕಡೆಯ ಎತ್ತರಕ್ಕೆ ಏರಿಸಿದ ಕ್ಷಣದಿಂದ ಬೇರೆಯೇ ಕಾಲ ಶುರುವಾಯಿತು. ಯಂತ್ರ ನಿಂತರೆ ಎತ್ತರದಲ್ಲಿರುವ ನೀರಿನ ಭಾರವೆಲ್ಲ ಹಿಂದಕ್ಕೆ ನುಗ್ಗುತ್ತದೆ. ಆದ್ದರಿಂದ ಎತ್ತರಕ್ಕೆ ತಳ್ಳುವ ಇಂಥ ಯಾವ ಕೊಳವೆಗೂ ಪಂಪಿನ ಪಕ್ಕದಲ್ಲೇ ಏಕಮುಖ ಕವಾಟ ಬೇಕೇ ಬೇಕು. ಜಲಮಂಡಲಿಯ ಹಳೆಯ ನೌಕರರ ಬಾಯಲ್ಲಿ ಅದು ‘ರಿಫ್ಲಕ್ಸ್ ವಾಲ್ವ್’. ಅಂಗಡಿಯಲ್ಲಿ ಕೇಳುವ ಹೆಸರು ‘ಎನ್‌ಆರ್‌ವಿ’. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಕ್ಟೆಸಿಬಿಯಸ್ ಎಂಬಾತ ಮಾಡಿದ ಪಂಪಿನಲ್ಲೂ ಈ ಕವಾಟವಿತ್ತೆಂದು ರೋಮಿನ ವಿಟ್ರೂವಿಯಸ್ ಬರೆದಿದ್ದಾನೆ.

ಹಳ್ಳಿಗಳಿಗೆ ಈ ಕವಾಟವನ್ನು ಪರಿಚಯಿಸಿದ್ದು ಕಪಿಲೆಯನ್ನು ಮೂಲೆಗೆ ತಳ್ಳಿದ ಪಂಪ್‌ಸೆಟ್. ಬಾವಿಯೊಳಗೆ ಇಳಿಬಿಟ್ಟ ಕೊಳವೆಯ ತುದಿಯಲ್ಲಿ ‘ಫುಟ್‌ವಾಲ್ವ್’ ಎಂಬ ಕಬ್ಬಿಣದ ಬುಟ್ಟಿ. ಅದರೊಳಗೆ ಮತ್ತದೇ ಚರ್ಮದ ತುಂಡು. ಅದು ಸವೆದರೆ ಕೊಳವೆಯ ನೀರೆಲ್ಲ ಬಾವಿಗೆ ಜಾರಿ, ಮೋಟರು ಬರೀ ಗಾಳಿ ತಿರುಗಿಸುತ್ತಿತ್ತು. ಆಗ ಮೇಲಿನಿಂದ ಕೊಡದಲ್ಲಿ ನೀರು ಹೊಯ್ಯಬೇಕು. ಸೋರಿಕೆ ಹೆಚ್ಚಿದ್ದರೆ ಸೆಗಣಿ ಕದಡಿದ ನೀರು ಹೊಯ್ಯುವುದೂ ಇತ್ತು. ಸೆಗಣಿಯ ನಾರು ಚರ್ಮದ ಸಂದಿಗೆ ಕೂತು ಬಾಗಿಲು ಬಿಗಿಯಾಗುತ್ತಿತ್ತು. ಮೋಟರು ಹಿಡಿಯಿತು, ನೀರು ಬಂತು. ಆ ಸೆಗಣಿಯ ಒಂದು ಪಾಲು ಅದೇ ಬಾವಿಯ ತಳಕ್ಕೆ ಇಳಿದದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ನೀರೆತ್ತುವ ಮಟ್ಟಿಗೆ ಕವಾಟ ರಿಪೇರಿಯಾಗಿತ್ತು, ನೀರು ಕಾಯುವ ಮಟ್ಟಿಗೆ ಕೆಟ್ಟಿತ್ತು. ಈ ಎರಡು ಕೆಲಸಗಳ ವ್ಯತ್ಯಾಸ ಇಂದಿಗೂ ನಮ್ಮಲ್ಲಿ ಸರಿಯಾಗಿ ಮನದಟ್ಟಾಗಿಲ್ಲ.

ನೀರು ಹಿಂದಕ್ಕೆ ಹರಿಯುವುದು ಎರಡು ಬಗೆಯಲ್ಲಿ. ಮೊದಲನೆಯದು ಹೀರಿಕೆ. ಬೀದಿಯ ಕೊಳವೆಯಲ್ಲಿ ನೀರು ನಿಂತು ತಗ್ಗಿನ ಕಡೆಗೆ ಬಸಿದುಹೋಗುವಾಗ ಹಿಂದೆ ಅರೆನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ವಾಯುಭಾರ ತೆರೆದ ನಲ್ಲಿಗಳ ಮೂಲಕ ಸಿಕ್ಕಿದ್ದನ್ನೆಲ್ಲ ಒಳಕ್ಕೆ ಒತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿ ವಾಯುಭಾರಕ್ಕೆ 9 ಮೀಟರಿನಷ್ಟು ನೀರನ್ನು ಎತ್ತಿ ನಿಲ್ಲಿಸುವ ಶಕ್ತಿಯಿದೆ. ಮೂರನೆಯ ಮಹಡಿಯವರೆಗೆ ಎಂದಿಟ್ಟುಕೊಳ್ಳಿ. ಎರಡನೆಯದು ಒತ್ತಡ. ಮನೆಯ ಮೇಲಿನ ಟ್ಯಾಂಕು, ಕಾರ್ಖಾನೆಯ ಬಾಯ್ಲರು, ತೋಟದ ಮೋಟರು ಬೀದಿಯ ಕೊಳವೆಗಿಂತ ಹೆಚ್ಚು ಒತ್ತಡದಲ್ಲಿದ್ದು, ಎರಡಕ್ಕೂ ನೇರ ಸಂಪರ್ಕವಿದ್ದರೆ ನೀರು ಬಲವಂತವಾಗಿಯೇ ಹಿಂದಕ್ಕೆ ನುಗ್ಗುತ್ತದೆ.

ದಿನದ 24 ಗಂಟೆಯೂ ಕೊಳವೆಯಲ್ಲಿ ನೀರಿರುವ ಊರಿನಲ್ಲಿ ಹೀರಿಕೆ ಅಪರೂಪದ ಘಟನೆ. ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಅದು ಪ್ರತಿಸಲ ವಾಲ್ವ್ ತಿರುಗಿಸಿದಾಗಲೂ ನಡೆಯಬಹುದಾದದ್ದು. ನೀರು ಬಂದಾಗ ಮೋಟರನ್ನು ನೇರವಾಗಿ ಬೀದಿಯ ಕೊಳವೆಗೇ ಹಚ್ಚಿ ಎಳೆಯುವ ಚಾಳಿ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಒಬ್ಬರ ಮನೆಯ ಮೋಟರು ಎಳೆದದ್ದು ಪಕ್ಕದ ಚರಂಡಿಯ ಕೆಳಗೆ ಬಿರುಕುಬಿಟ್ಟ ಕೊಳವೆಯ ಕೊಳಕನ್ನೂ ಆಗಿರಬಹುದು.

ಹಳ್ಳಿಗಳಲ್ಲಿ ಇನ್ನೊಂದು ದೃಶ್ಯವಿದೆ. ನಲ್ಲಿಯಲ್ಲಿ ಒತ್ತಡ ಸಾಲದೆಂದು ಅದರ ಬುಡವನ್ನು ಅಗೆದು, ಕೊಡ ಇಡುವಷ್ಟು ಗುಂಡಿ ಮಾಡಿ, ನಲ್ಲಿಯನ್ನೇ ಕೆಳಕ್ಕಿಳಿಸಿರುತ್ತಾರೆ. ತಗ್ಗಿದಷ್ಟೂ ನೀರು ಚೆನ್ನಾಗಿ ಬರುತ್ತದೆ. ಅದು ಸರಿಯಾದ ಲೆಕ್ಕವೇ. ಆದರೆ ಚೆಲ್ಲಿದ ನೀರು, ಪಾತ್ರೆ ತೊಳೆದ ನೀರು, ಮಳೆಗಾಲದಲ್ಲಿ ಬೀದಿಯ ಕೆಸರು ಅದೇ ಗುಂಡಿಯಲ್ಲಿ ನಿಂತು ನಲ್ಲಿಯ ಮೂತಿ ಮುಳುಗುತ್ತದೆ. ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಆ ಗುಂಡಿ ಬರಿದಾದರೆ, ನೀರು ನೆಲಕ್ಕೆ ಇಂಗಿತೆಂದು ತಿಳಿಯುವವರೇ ಎಲ್ಲರೂ. ಅದು ಕೊಳವೆಗೂ ಹೋಗಿರಬಹುದು. ಮರುದಿನ ಮೊದಲು ಕೊಡ ಹಿಡಿದವರ ಪಾಲಿಗೆ ಬರುವುದು ಅದೇ.

ಇಂಥದೇ ಗುಂಡಿಯೊಂದು 1969ರಲ್ಲಿ ಅಮೆರಿಕದ ವೂಸ್ಟರ್ ಪಟ್ಟಣದ ಹೋಲಿಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡವನ್ನು ಮಲಗಿಸಿತು. ಅಭ್ಯಾಸದ ಮೈದಾನಕ್ಕೆ ನೀರು ಕೊಡುವ ನಲ್ಲಿಗಳು ನೆಲಮಟ್ಟಕ್ಕಿಂತ ಕೆಳಗಿನ ಪೆಟ್ಟಿಗೆಗಳಲ್ಲಿದ್ದವು. ಕಾಮಾಲೆ ಸೋಂಕಿದ್ದ ಮನೆಯೊಂದರ ಮಕ್ಕಳು ಅಲ್ಲಿ ಆಡುತ್ತಿದ್ದರು. ಪೆಟ್ಟಿಗೆಗಳಲ್ಲಿ ನಿಂತ ನೀರು ಕಲುಷಿತವಾಗಿತ್ತು. ಹತ್ತಿರದಲ್ಲಿ ಬೆಂಕಿ ಬಿದ್ದು ಅಗ್ನಿಶಾಮಕದವರು ನೀರೆಳೆದಾಗ ಕೊಳವೆಯ ಒತ್ತಡ ಕುಸಿದು ಪೆಟ್ಟಿಗೆಯ ನೀರು ಒಳಕ್ಕೆ ಹೋಯಿತು. ಅದೇ ಸಾಲಿನ ನೀರು ಕುಡಿದ ತಂಡದವರಲ್ಲಿ ಸುಮಾರು 90 ಮಂದಿಗೆ ಸೋಂಕು ತಗುಲಿ, ಆ ವರ್ಷದ ಪಂದ್ಯಗಳು ಎರಡಕ್ಕೇ ನಿಂತವು. ವೈದ್ಯರು, ಎಂಜಿನಿಯರುಗಳು ಕೂತು ಈ ಸರಪಳಿಯನ್ನು ಬಿಡಿಸಿದರು. ಹಳ್ಳಿಯ ಗುಂಡಿ ನಲ್ಲಿಯ ವಿಚಾರದಲ್ಲಿ ಅಂಥ ಪತ್ತೇದಾರಿಕೆ ವಿರಳ. ‘ನೀರು ಬದಲಾಯಿತು, ಹೊಟ್ಟೆ ಕೆಟ್ಟಿತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಬ್ಲೀಚಿಂಗ್ ಪೌಡರ್ ಹಾಕುತ್ತೇವಲ್ಲ ಎಂಬ ಸಮಾಧಾನವೂ ಪೂರ್ತಿ ನಂಬುವಂಥದಲ್ಲ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ಪಾತ್ರ ಬದಲಾಗಿ, ಕೆಳಗಡೆ ನದಿಗೆ ಸೇರಬೇಕಿದ್ದ ನಜಫ್‌ಗಢ ನಾಲೆಯ ಕೊಳಚೆ ಮೇಲಕ್ಕೆ ಸರಿದು ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ಜಾಗಕ್ಕೇ ಬಂತು. ಇಡೀ ನದಿಯ ಪ್ರಮಾಣದ ಹಿಮ್ಮುಖ ಹರಿವು ಅದು. ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದರು. ಬ್ಯಾಕ್ಟೀರಿಯಗಳು ಸತ್ತು ವಿಷಮಶೀತಜ್ವರ ಏರಲಿಲ್ಲ. ಆದರೆ ವೈರಸ್ ಉಳಿಯಿತು. ಎದ್ದು ಕಾಣುವಂತೆ ಕಾಮಾಲೆಯಾದವರೇ ಸುಮಾರು 29,300 ಮಂದಿ. ಅದು ಇಂದು ಹೆಪಟೈಟಿಸ್ ಇ ಎಂದು ಹೆಸರಾದ ರೋಗವೆಂದು ಗೊತ್ತಾಗಲು ದಶಕಗಳೇ ಹಿಡಿದವು.

ಹಾಗಾದರೆ ತಡೆಯುವ ಸಾಧನ ಯಾವುದು? ಅಂಗಡಿಯಲ್ಲಿ ಕೇಳಿದರೆ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಎನ್‌ಆರ್‌ವಿ ಕೈಗೆ ಕೊಡುತ್ತಾರೆ. ಪಂಪಿನ ರಕ್ಷಣೆಗೆ ಅದು ಸಾಕು. ಆರೋಗ್ಯದ ರಕ್ಷಣೆಗೆ ಅದೊಂದನ್ನೇ ನಂಬುವುದು ಕಷ್ಟ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆ ಕವಾಟದ ಅಂಚಿನಲ್ಲೂ ಕೂರುತ್ತದೆ. ಮರಳಿನ ಒಂದು ಕಣ ಸಿಕ್ಕಿಕೊಂಡರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಮುಚ್ಚದಿದ್ದುದು ಹೊರಗಿನಿಂದ ಕಾಣುವುದೂ ಇಲ್ಲ. ಕೆಟ್ಟು ಕೂತ ಕಾವಲುಗಾರ ಎದ್ದಿದ್ದಾನೋ ಮಲಗಿದ್ದಾನೋ ತಿಳಿಯದ ಸ್ಥಿತಿ.

ಆದ್ದರಿಂದ ಆಯ್ಕೆಯ ಮೊದಲ ಪ್ರಶ್ನೆ ಕವಾಟದ ಬೆಲೆಯಲ್ಲ, ಕವಾಟದ ಆಚೆ ಬದಿಯಲ್ಲಿ ಏನಿದೆ ಎಂಬುದು. ಆಚೆಗಿರುವುದು ಬಣ್ಣ ರುಚಿ ಕೆಡಿಸುವಂಥದೇ ಹೊರತು ಪ್ರಾಣಕ್ಕೆ ಎರವಾಗುವಂಥದಲ್ಲವಾದರೆ, ಒಂದರ ಹಿಂದೊಂದು ಎರಡು ಕವಾಟಗಳನ್ನು ಕೂಡಿಸಿದ, ನಡುನಡುವೆ ಪರೀಕ್ಷೆಗೆ ಸಣ್ಣ ನಲ್ಲಿಗಳಿರುವ ಜೋಡಿ ಕವಾಟ ಸಾಕೆನ್ನುತ್ತಾರೆ. ಆಚೆಗೆ ವಿಷವಿದ್ದರೆ ಸಾಲದು. ದೊಡ್ಡಬಳ್ಳಾಪುರ ಮಗ್ಗಗಳ ಊರು. ರೇಷ್ಮೆಗೆ ಬಣ್ಣ ಹಾಕುವ ಘಟಕದಲ್ಲಿ ಬಣ್ಣದ ತೊಟ್ಟಿಗೆ ಇಳಿಬಿಟ್ಟ ರಬ್ಬರ್ ಕೊಳವೆ ಬೀದಿಯ ನೀರಿಗೆ ಸೇರಿಕೊಂಡಿದ್ದರೆ ಅದು ಅಪಾಯದ ಮೊದಲ ದರ್ಜೆ. ಆಸ್ಪತ್ರೆ, ರಾಸಾಯನಿಕ ಕಾರ್ಖಾನೆ, ಕೊಳಚೆ ಶುದ್ಧೀಕರಣ ಘಟಕಗಳೂ ಇದೇ ಸಾಲಿನವು.

ಇಂಥ ಕಡೆಗೆಂದೇ ಒಂದು ಜಾಣ ಸಾಧನವಿದೆ. ಎರಡು ಕವಾಟಗಳ ನಡುವೆ ಒಂದು ಕೋಣೆ. ಆ ಕೋಣೆಯಲ್ಲಿ ಒತ್ತಡ ಯಾವಾಗಲೂ ಬೀದಿಯ ಕೊಳವೆಗಿಂತ ಕಡಿಮೆ ಇರುವಂತೆ ಏರ್ಪಾಡು. ಕವಾಟಗಳು ಸೋರಿ ಈ ವ್ಯತ್ಯಾಸ ಕೆಟ್ಟರೆ ಕೋಣೆಯ ತಳದ ಬಾಯಿ ತೆರೆದು ನೀರನ್ನು ನೆಲಕ್ಕೆ ಸುರಿಯುತ್ತದೆ. ಅದು ಕೆಟ್ಟರೆ ಗೋಪ್ಯವಾಗಿ ಕೆಡುವುದಿಲ್ಲ, ಎಲ್ಲರಿಗೂ ಕಾಣುವಂತೆ ಕೆಡುತ್ತದೆ. ಬೆಲೆ ಹೆಚ್ಚು. ಮಳೆನೀರು ತುಂಬುವ ಗುಂಡಿಯಲ್ಲಿ ಇದನ್ನು ಕೂರಿಸುವಂತಿಲ್ಲ. ತಳದ ಬಾಯಿ ಮುಳುಗಿದರೆ ಇದ್ದ ರಕ್ಷಣೆಯೂ ಹೋಯಿತು. ವರ್ಷಕ್ಕೊಮ್ಮೆಯಾದರೂ ತಿಳಿದವರು ಪರೀಕ್ಷಿಸಬೇಕು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1944ರಿಂದಲೂ ಇಂಥ ಸಾಧನಗಳನ್ನು ಪರೀಕ್ಷಿಸಲೆಂದೇ ಒಂದು ಪ್ರತಿಷ್ಠಾನವನ್ನು ನಡೆಸಿಕೊಂಡು ಬಂದಿದೆ. ನಮ್ಮ ಮಾನಕ ಸಂಸ್ಥೆಯ ಕಟ್ಟಡ ನೀರು ಸರಬರಾಜು ಸಂಹಿತೆಯೂ ಕುಡಿಯುವ ನೀರಿನ ಕೊಳವೆ ಬೇರೆ ನೀರಿನ ಕೊಳವೆಯೊಂದಿಗೆ ಕೂಡಬಾರದೆನ್ನುತ್ತದೆ. ಪುಸ್ತಕದಲ್ಲಿರುವುದಕ್ಕೂ ಪ್ಲಂಬರನ ಚೀಲದಲ್ಲಿರುವುದಕ್ಕೂ ಇರುವ ದೂರ ಮಾತ್ರ ಇನ್ನೂ ಕಡಿಮೆಯಾಗಿಲ್ಲ.

ತೋಟದ ಲೆಕ್ಕ ಬೇರೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿಯ ಕೊಳವೆಗೇ ಗೊಬ್ಬರ ಕರಗಿಸಿ ಬಿಡುವ ವೆಂಚುರಿ ಇರುತ್ತದೆ. ಕರೆಂಟು ಹೋಗಿ ಮೋಟರು ಥಟ್ಟನೆ ನಿಂತಾಗ ನಡುವೆ ಏಕಮುಖ ಕವಾಟವಿಲ್ಲದಿದ್ದರೆ ಕೊಳವೆಯ ನೀರು ಗೊಬ್ಬರವನ್ನೂ ಕರೆದುಕೊಂಡು ಬೋರ್‌ವೆಲ್ಲಿಗೆ ಇಳಿಯುತ್ತದೆ. ಆ ಬೋರ್‌ವೆಲ್ಲಿನ ನೀರನ್ನೇ ತೋಟದ ಮನೆಯವರು ಕುಡಿಯುತ್ತಾರೆ. ಔಷಧಿ ಹೊಡೆಯಲು ಡ್ರಮ್ಮು ತುಂಬಿಸುವಾಗ ಪೈಪಿನ ತುದಿ ಡ್ರಮ್ಮಿನ ತಳದಲ್ಲಿ ಮುಳುಗಿರುವುದು ಇದಕ್ಕಿಂತ ಸಾಮಾನ್ಯ. ಅಲ್ಲಿಗೆ ಯಾವ ಯಂತ್ರವೂ ಬೇಡ. ಪೈಪನ್ನು ಡ್ರಮ್ಮಿನ ಅಂಚಿಗಿಂತ ಮೇಲೆ ಕಟ್ಟಿದರೆ ಆಯಿತು. ಪೈಪು ಸಿಕ್ಕಿಸುವ ನಲ್ಲಿಗಳಿಗೆ, ಒತ್ತಡ ಕುಸಿದೊಡನೆ ಗಾಳಿಯನ್ನು ಒಳಬಿಟ್ಟು ಹೀರಿಕೆಯನ್ನು ಮುರಿಯುವ ಸಣ್ಣ ಸಾಧನಗಳೂ ಇವೆ. ಹೀರಿಕೆಗೆ ಅವು ಸರಿ, ಆಚೆಯಿಂದ ಒತ್ತಡ ಬಂದರೆ ಉಪಯೋಗವಿಲ್ಲ.

ಇವೆಲ್ಲಕ್ಕಿಂತ ಮೇಲಿನದು, ಕೆಡಲು ಏನೂ ಇಲ್ಲದ ಸಾಧನ: ಗಾಳಿಯ ಅಂತರ. ನೀರು ಬೀಳುವ ಕೊಳವೆಯ ಬಾಯಿಗೂ ಕೆಳಗಿನ ತೊಟ್ಟಿಯ ಅಂಚಿಗೂ ನಡುವೆ ಕೊಳವೆಯ ವ್ಯಾಸದ ಎರಡರಷ್ಟು, ಕಡಿಮೆಯೆಂದರೂ 25 ಮಿಲಿಮೀಟರ್ ಬರಿಜಾಗ. ಕಪಿಲೆಯ ಬಾನಿಗೂ ತೊಟ್ಟಿಗೂ ನಡುವೆ ಇದ್ದದ್ದು ಅದೇ, ಕೋಡಿಯಲ್ಲಿ ಇದ್ದದ್ದೂ ಅದೇ. ತಮಾಷೆಯೆಂದರೆ, ಎಂಜಿನಿಯರುಗಳು ನೀರಿನ ಅಭಾವದ ಕುರುಹೆಂದು ಹಳಿಯುವ ಮನೆಯ ಸಂಪು ಈ ಸೀಮೆಯ ಲಕ್ಷಾಂತರ ಮನೆಗಳಿಗೆ ಅರಿವಿಲ್ಲದೆಯೇ ಇಂಥ ಅಂತರವನ್ನು ಒದಗಿಸಿದೆ. ಬೀದಿಯ ನೀರು ಸಂಪಿಗೆ ಮೇಲಿನಿಂದ ಬೀಳುತ್ತದೆ; ಅಲ್ಲಿಂದ ಮೋಟರು ಅದನ್ನು ಮಹಡಿಯ ಟ್ಯಾಂಕಿಗೆ ಏರಿಸುತ್ತದೆ. ಮನೆಯೊಳಗೆ ಏನೇ ಆದರೂ ಬೀದಿಗೆ ಅದು ತಲುಪದು. ಷರತ್ತು ಒಂದೇ: ಒಳಬರುವ ಕೊಳವೆ ಸಂಪಿನ ನೀರಿನಲ್ಲಿ ಮುಳುಗಿರಬಾರದು. ಸದ್ದಾಗುತ್ತದೆಂದು, ನೀರು ಸಿಡಿಯುತ್ತದೆಂದು ಕೊಳವೆಯನ್ನು ತಳದವರೆಗೆ ಇಳಿಸಿದ ಸಂಪುಗಳೂ ಇವೆ. ಅವು ಬೀದಿಯ ಪಾಲಿಗೆ ದೊಡ್ಡ ಬಕೆಟ್ಟುಗಳೇ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್, ಅಂದರೆ ಹಳ್ಳಿಗರು ಬಲ್ಲ ‘ಮನೆ ಮನೆಗೆ ಗಂಗೆ’ ಯೋಜನೆಯ ನಲ್ಲಿಗಳ ಹಿಂದೆ ಎಲ್ಲೆಡೆ ಸಂಪು ಇಲ್ಲ. ಊರಿನ ಓವರ್‌ಹೆಡ್ ಟ್ಯಾಂಕಿನಿಂದ ಕೊಳವೆ ನೇರ ಅಂಗಳಕ್ಕೆ ಬರುತ್ತದೆ. ಕೊಟ್ಟಿಗೆಯ ಬಾನಿಗೆ, ಬಚ್ಚಲ ಹಂಡೆಗೆ ಅದೇ ನಲ್ಲಿಯ ಪೈಪು. ಮನೆಯ ಬಾಗಿಲಿಗೆ ನೀರು ಬಂದದ್ದರಿಂದ ಹೆಂಗಸರ ಹೊರೆ ಇಳಿದದ್ದು ಸಣ್ಣ ಲಾಭವಲ್ಲ. ಅದರ ಜೊತೆಗೇ ಒಂದೂರಿಗೆ ಐದಾರು ಇದ್ದ ನಲ್ಲಿಯ ಬಾಯಿಗಳು ನೂರಾರಾಗಿವೆ, ಒಂದೊಂದೂ ಕೊಳವೆಗೆ ತೆರೆದ ದಾರಿ.

ನಗರದ ಅಂಚಿನಲ್ಲಿ ಈಗ ಇನ್ನೊಂದು ಬಗೆಯ ನೀರೂ ಹರಿಯುತ್ತಿದೆ. ಹೆಸರಘಟ್ಟ ನಗರಕ್ಕೆ ನೀರು ಕೊಡುವುದನ್ನು ಎಂದೋ ನಿಲ್ಲಿಸಿತು. 1933ರ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ನೀರೆತ್ತುವುದೂ 2010ರ ದಶಕದ ಆರಂಭದಲ್ಲಿ, ಅರ್ಕಾವತಿಯ ಕೊಳೆಯಿಂದಾಗಿ ನಿಂತಿತು. ಬದಲಿಗೆ ಬೆಂಗಳೂರೇ ತನ್ನ ಶುದ್ಧೀಕರಿಸಿದ ಕೊಳಚೆ ನೀರನ್ನು ಹೊರಗೆ ಕಳುಹಿಸುತ್ತಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹೊರಟಿತು. ಹೆಬ್ಬಾಳ-ನಾಗವಾರ ಕಣಿವೆಯ ನೀರು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ಕೆರೆಗಳನ್ನು ತುಂಬುತ್ತಿದೆ. ದೇವನಹಳ್ಳಿಯ ಸಿಹಿನೀರು ಕೆರೆಯ ಬಳಿ ಇಂಥ ನೀರನ್ನು ಮಣ್ಣಿನಲ್ಲಿ ಇಂಗಿಸಿ, ಬಾವಿಯಿಂದೆತ್ತಿ, ಮತ್ತೆ ಶುದ್ಧೀಕರಿಸಿ ಬಳಸುವ ಪ್ರಯೋಗವೂ ನಡೆದಿದೆ. ಅಲ್ಲಿ ನಡುವೆ ನಿಂತಿರುವ ತಡೆ ಮಣ್ಣು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹಾಗಲ್ಲ. ಒಂದೇ ಗೋಡೆಯಲ್ಲಿ ಎರಡು ಕೊಳವೆ, ಒಂದರಲ್ಲಿ ಕುಡಿಯುವ ನೀರು, ಇನ್ನೊಂದರಲ್ಲಿ ಶೌಚಾಲಯಕ್ಕೆಂದು ಮರುಬಳಕೆಯ ನೀರು. ಇವೆರಡನ್ನೂ ಬೇರೆಯಾಗಿಡುವುದು ಪ್ಲಂಬರನ ಎಚ್ಚರ ಮಾತ್ರ.

ಆ ಎಚ್ಚರ ತಪ್ಪಿದ ಊರುಗಳು ಸಣ್ಣವಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್ ಬಳಿಯ ಹೊಸ ಬಡಾವಣೆಯೊಂದರಲ್ಲಿ 2001ರಲ್ಲಿ ಎರಡು ಕೊಳವೆಗಳು ಕೂಡಿಕೊಂಡು ಜನ ಹೊಟ್ಟೆ ಕೆಟ್ಟು ಮಲಗಿದ ಮೇಲೆ, ಎರಡು ವರ್ಷಗಳಲ್ಲಿ ಆ ದೇಶ ದೊಡ್ಡ ಪ್ರಮಾಣದ ಜೋಡಿ ಕೊಳವೆಯ ಯೋಜನೆಗಳನ್ನೇ ಕೈಬಿಟ್ಟಿತು. ಫಿನ್ಲೆಂಡಿನ ನೋಕಿಯ ಪಟ್ಟಣದ ಕಥೆ ಇನ್ನೂ ಸರಳ. ಮೊಬೈಲ್ ಫೋನಿನಿಂದ ಮನೆಮಾತಾದ ಆ ಹೆಸರಿನ ಊರಿನಲ್ಲಿ, ಕೊಳಚೆ ಶುದ್ಧೀಕರಣ ಘಟಕದ ಕೆಲಸಕ್ಕೆಂದು ಎಳೆದ ಕುಡಿಯುವ ನೀರಿನ ಕೊಳವೆಗೂ ಹೊರಹೋಗುವ ನೀರಿನ ಕೊಳವೆಗೂ ಒಂದು ಸಂಪರ್ಕವಿತ್ತು. ನಡುವೆ ಇದ್ದದ್ದು ಕೈಯಿಂದ ತಿರುಗಿಸುವ ಒಂದು ವಾಲ್ವ್. 2007ರ ನವೆಂಬರ್ ಕೊನೆಯಲ್ಲಿ ರಿಪೇರಿಯ ವೇಳೆ ಅದನ್ನು ತೆರೆದವರು ಮುಚ್ಚುವುದನ್ನು ಮರೆತರು. ಎರಡು ದಿನಗಳಲ್ಲಿ ಸುಮಾರು 4.5 ಲಕ್ಷ ಲೀಟರ್ ಕೊಳಚೆಯ ನೀರು ಊರಿನ ನಲ್ಲಿಗಳಿಗೆ ಹೋಯಿತು. 30,000 ಜನಸಂಖ್ಯೆಯ ಪಟ್ಟಣದಲ್ಲಿ 8,000ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಆ ವಾಲ್ವಿನ ಜಾಗದಲ್ಲಿ ಒಂದು ತೊಟ್ಟಿ, ಅದರ ಮೇಲೆ ಗೇಣುದ್ದ ಬರಿಗಾಳಿ ಇದ್ದಿದ್ದರೆ ಮರೆತವರ ಮರೆವು ಅಲ್ಲಿಗೇ ನಿಲ್ಲುತ್ತಿತ್ತು.

ದೇವನಹಳ್ಳಿ, ಹೊಸಕೋಟೆಗಳ ಹೊಸ ಕಟ್ಟಡಗಳಲ್ಲೂ ಮರುಬಳಕೆಯ ನೀರು ಸಾಲದ ದಿನಕ್ಕಿರಲೆಂದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ಆ ಸಾಲಿಗೆ ಬಿಡಲು ಒಂದು ಸಂಪರ್ಕ ಬೇಕಾಗುತ್ತದೆ. ಆ ಸಂಪರ್ಕ ಒಂದು ಬಾಲ್ ವಾಲ್ವೋ, ಮೇಲಿನಿಂದ ಬೀಳುವ ಕೊಳವೆಯೋ ಎಂಬುದನ್ನು ಟೆರೇಸು ಹತ್ತಿದ ಯಾರು ಬೇಕಾದರೂ ಕಣ್ಣಾರೆ ನೋಡಬಹುದು.